ಎರೆ ಮಣ್ಣಿನ ದಾರಿಗೆ ಯಾವ ಕಂಪನಿಯ ಬೈಕು?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವನು. ಹಳ್ಳಿಹಳ್ಳಿಗೆ ಹೋಗಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ದಿನಕ್ಕೆ 70–80 ಕಿಲೋಮೀಟರ್ ಓಡಾಟವಿದೆ. ಅರ್ಧ ದಾರಿ ಮಸ್ಕಿ ಕಡೆಯ ಹೆದ್ದಾರಿ. ಉಳಿದದ್ದು ಕಾಲುವೆ ದಂಡೆ ಮತ್ತು ಎರೆ ಹೊಲದ ಬಂಡಿ ದಾರಿ. ಹಿಂದೆ ವೀರ್ಯದ ಕಡ್ಡಿಗಳನ್ನು ಕಾಪಿಡುವ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡಿರುತ್ತೇನೆ. ಭಾನುವಾರ ಹೆಂಡತಿ, ಮಗಳನ್ನು ಕೂರಿಸಿಕೊಂಡು ಗಂಗಾವತಿಗೆ ಹೋಗುವುದೂ ಉಂಟು. ಅಪ್ಪ ಕೊಟ್ಟ ಹಳೆಯ ಸ್ಪ್ಲೆಂಡರ್ ಈಗ ಹೊಗೆ ಬಿಡುತ್ತಿದೆ. ಹೊಸ ಗಾಡಿಗೆ 1.2 ಲಕ್ಷ ರೂಪಾಯಿವರೆಗೆ ಹೊಂದಿಸಬಲ್ಲೆ. ಅಣ್ಣ ಹೀರೋ ಬಿಟ್ಟು ಬೇರೆ ಬೇಡ ಎನ್ನುತ್ತಾನೆ, ಜೊತೆಯಲ್ಲಿ ಕೆಲಸ ಮಾಡುವವರು ಹೋಂಡಾ ಎನ್ನುತ್ತಾರೆ, ತಮ್ಮನಿಗೆ ಟಿವಿಎಸ್ ರೈಡರ್ ಇಷ್ಟ. ಭಾರದ ಬುಲೆಟ್ ಇದ್ದರೆ ಮಾತ್ರ ಕೆಟ್ಟ ದಾರಿ ಹಿಡಿತಕ್ಕೆ ಬರುತ್ತದೆ ಎಂದು ಬಳ್ಳಾರಿಯ ಗೆಳೆಯ ಹೇಳುತ್ತಾನೆ. ಈಗಿನ ಗಾಡಿಗಳು ನಮ್ಮ ಬಿಸಿಲಿಗೆ ಜಾಮ್ ಆಗುತ್ತವೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಆಗದು, ಎಥೆನಾಲ್ ಬೆರೆತ ಹೊಸ ಪೆಟ್ರೋಲು ಎಂಜಿನ್ ಅನ್ನೇ ತಿನ್ನುತ್ತದೆ ಎಂದೂ ಕೇಳಿದ್ದೇನೆ. ಯಾವ ಕಂಪನಿ ಹೆಚ್ಚು ಬಾಳಿಕೆ ಬರುತ್ತದೆ ಸರ್? ಹಳೆಯ ಗಾಡಿಯನ್ನು ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಕಂಪನಿಗಳ ಹೆಸರಿನಲ್ಲಿದ್ದರೂ ಅದರ ಹಿಂದಿನ ಚಿಂತೆ ಬೇರೆ ಎಂದು ನನಗೆ ಅನಿಸುತ್ತದೆ. ಬೆಳಿಗ್ಗೆ ಬೆದೆ ಕಂಡ ಆಕಳಿಗೆ ಸಂಜೆ ಗರ್ಭಧಾರಣೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಎಂಬ ಲೆಕ್ಕದಲ್ಲಿ ನೀವು ಕೆಲಸ ಮಾಡುವವರು. ಗಾಡಿ ಕಾಲುವೆ ದಂಡೆಯ ಮೇಲೆ ನಿಂತುಹೋದರೆ ರೈತ ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕಾಗುತ್ತದೆ. ಆ ನಷ್ಟ ಯಾವ ಮೆಕ್ಯಾನಿಕ್‌ನ ಬಿಲ್ಲಿನಲ್ಲೂ ಕಾಣುವುದಿಲ್ಲ. ಆದ್ದರಿಂದ ಒಟ್ಟಾರೆ ಯಾವ ಬೈಕು ಶ್ರೇಷ್ಠ ಎಂಬ ಚರ್ಚೆಯನ್ನು ಬದಿಗಿಟ್ಟು, ನಿಮ್ಮ ದಾರಿಯಲ್ಲಿ, ನಿಮ್ಮ ಹೊರೆಯೊಂದಿಗೆ ಯಾವುದು ಕಡಿಮೆ ಕೈಕೊಡುತ್ತದೆ ಮತ್ತು ಕೈಕೊಟ್ಟಾಗ ಯಾವುದು ಬೇಗ ರಿಪೇರಿಯಾಗುತ್ತದೆ ಎಂಬುದನ್ನು ನೋಡೋಣ. ವರ್ಕ್‌ಶಾಪಿನಲ್ಲಿ ಕಂಡದ್ದನ್ನು ಆಧರಿಸಿಯೇ ಹೇಳುತ್ತೇನೆ.

ಮೊದಲು ಜನಪ್ರಿಯತೆಯ ಮಾತು. ನಿಮ್ಮ ಅಣ್ಣನ ನಂಬಿಕೆಗೆ ಇತಿಹಾಸದ ಬೆಂಬಲವಿದೆ. ಹೀರೋ ಮತ್ತು ಹೋಂಡಾ 1984ರಲ್ಲಿ ಕೂಡಿ ಕಟ್ಟಿದ ಕಂಪನಿಯಿಂದ ಸ್ಪ್ಲೆಂಡರ್ ಬಂದದ್ದು 1994ರಲ್ಲಿ. 2010ರ ಕೊನೆಯಲ್ಲಿ ಎರಡೂ ಬೇರೆಯಾಗಲು ನಿರ್ಧರಿಸಿದ ಮೇಲೂ ಅದರ 97.2 ಸಿಸಿ ಎಂಜಿನ್‌ನ ಮೂಲ ವಿನ್ಯಾಸ ಸುಧಾರಿಸುತ್ತಲೇ ಮುಂದುವರಿದಿದೆ, ಮತ್ತು ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬೈಕು ಇಂದಿಗೂ ಅದೇ. ಆದರೆ ಅತಿ ಹೆಚ್ಚು ಮಾರಾಟವಾಗುವುದಕ್ಕೆ ಬೆಲೆ, ಮೈಲೇಜ್, ಮರುಮಾರಾಟದ ಮೌಲ್ಯಗಳೂ ಕಾರಣವಾಗಿರುತ್ತವೆ. ಕೊಂಡವರಲ್ಲಿ ಬಹುಪಾಲು ಜನ ಡಾಂಬರು ರಸ್ತೆಯಲ್ಲೇ ಓಡಾಡುವವರು. ನಿಮ್ಮಂಥವರಿಗೆ ಜನಪ್ರಿಯತೆಯಿಂದ ಸಿಗುವ ನಿಜವಾದ ಲಾಭ ಬೇರೊಂದಿದೆ. ಕ್ಲಚ್ ಕೇಬಲ್ಲೋ ಬ್ರೇಕ್ ಶೂವೋ ಬೇಕಾದಾಗ ಮಸ್ಕಿಯ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ, ಅದನ್ನು ಕಣ್ಣು ಮುಚ್ಚಿ ಹಾಕಬಲ್ಲ ಮೆಕ್ಯಾನಿಕ್ ಪ್ರತಿ ದೊಡ್ಡ ಹಳ್ಳಿಯಲ್ಲೂ ಇರುತ್ತಾನೆ. ಇದರ ಬೆನ್ನಿಗೇ ಒಂದು ಅಪಾಯವೂ ಇದೆ: ಹೆಚ್ಚು ಓಡುವ ಗಾಡಿಯ ಬಿಡಿಭಾಗಗಳಿಗೇ ಡೂಪ್ಲಿಕೇಟ್ ಹಾವಳಿ ಹೆಚ್ಚು. ಬೈಕು ಚೆನ್ನಾಗಿಲ್ಲ ಎಂದು ದೂರುತ್ತ ಬಂದವರ ಗಾಡಿ ಬಿಚ್ಚಿದಾಗ ಒಳಗೆ ಡೂಪ್ಲಿಕೇಟ್ ಕ್ಲಚ್ ಪ್ಲೇಟ್ ಅಥವಾ ಬೇರಿಂಗ್ ಇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬಾಳಿಕೆಯ ವಿಷಯದಲ್ಲಿ ಸ್ಪಷ್ಟವಾಗಿ ಹೇಳುವುದಾದರೆ, ನೀವು ಹೆಸರಿಸಿದ ಯಾವ ಕಂಪನಿಯ ಎಂಜಿನ್ ಕೂಡ ಸರಿಯಾದ ಆಯಿಲ್ ಮತ್ತು ಸ್ವಚ್ಛ ಗಾಳಿ ಸಿಕ್ಕರೆ ಬೇಗ ಸೋಲುವಂಥದ್ದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಗಾಡಿಗಳು ಹಾಳಾಗುವುದು ಎಂಜಿನ್‌ನ ಹೊರಗಿನಿಂದ: ಚೈನು, ಚಕ್ರದ ಬೇರಿಂಗು, ಏರ್ ಫಿಲ್ಟರ್, ಕ್ಲಚ್, ಕೇಬಲ್ಲು, ಮುಂದಿನ ಫೋರ್ಕ್‌ನ ಆಯಿಲ್ ಸೀಲು. ಸಂಡೂರು ಕಡೆಯಿಂದ ಬರುವ ಬೈಕುಗಳ ಏರ್ ಫಿಲ್ಟರ್ ತೆಗೆದರೆ ಅದಿರಿನ ಕೆಂಪು ಧೂಳು ಪದರ ಕಟ್ಟಿರುತ್ತದೆ. ಸಿಂಧನೂರು, ಕಾರಟಗಿ, ಸಿರುಗುಪ್ಪದ ಕಡೆಯ ಗಾಡಿಗಳಲ್ಲಿ ಫಿಲ್ಟರ್ ಅಷ್ಟು ಕೆಟ್ಟಿರುವುದಿಲ್ಲ, ಆದರೆ ಚೈನು, ಬೇರಿಂಗು ಮತ್ತು ಬ್ರೇಕು ತಿಂದುಹೋಗಿರುತ್ತವೆ. ಎರೆ ಮಣ್ಣೇ ಇದಕ್ಕೆ ಕಾರಣ. ನಿಮ್ಮ ಆಯ್ಕೆಯನ್ನು ತೀರ್ಮಾನಿಸಬೇಕಾದುದೂ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರೆ ಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿಯ ಅಂಶ ಬಹಳ. ಒದ್ದೆಯಾದಾಗ ಅದು ಟೈರಿಗೆ ಅಂಟಿಕೊಂಡು, ಪ್ರತಿ ಸುತ್ತಿಗೂ ಇನ್ನೊಂದು ಪದರ ಸೇರಿ, ಟೈರ್ ಮತ್ತು ಮಡ್‌ಗಾರ್ಡ್ ನಡುವಿನ ಜಾಗವನ್ನು ತುಂಬಿಬಿಡುತ್ತದೆ. ಕೊನೆಗೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಆಗ ಎಂಜಿನ್ ಎಷ್ಟು ಬಲದ್ದಾದರೂ ಪ್ರಯೋಜನವಿಲ್ಲ. ಎಕ್ಸಲರೇಟರ್ ತಿರುವಿದಷ್ಟೂ ಕ್ಲಚ್ ಸುಡುತ್ತದೆ, ಗಾಡಿ ಅಲ್ಲೇ ಹೂತುಕೊಳ್ಳುತ್ತದೆ. ಶೋರೂಮಿನಲ್ಲಿ ಸಿಸಿ ಎಷ್ಟು, ಪಿಕಪ್ ಎಷ್ಟು ಎಂದು ಕೇಳುವವರೇ ಹೆಚ್ಚು. ಮುಂದಿನ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಬೆರಳು ತೂರಿಸಿ ನೋಡುವವರನ್ನು ನಾನು ಕಂಡಿದ್ದು ಕಡಿಮೆ. ನೀವು ನೋಡಿ. ಎರಡು ಬೆರಳು ಸಲೀಸಾಗಿ ಹೋದರೆ ಒಳ್ಳೆಯದು. ನಗರದ ಓಟಕ್ಕೆಂದು ಅಂದವಾಗಿ ಮಾಡಿದ ಬೈಕುಗಳಲ್ಲಿ ಈ ಜಾಗ ಕಿರಿದು, ಟೈರ್ ಅಗಲ.

ಚೈನಿನ ವಿಷಯ ಇದಕ್ಕಿಂತ ಮುಖ್ಯ. ಎರೆ ಮಣ್ಣಿನ ಜೊತೆ ಕಾಲುವೆಯ ಮರಳು ಸೇರಿ ಚೈನಿನ ಆಯಿಲ್‌ಗೆ ಅಂಟಿದರೆ ಅದು ಸಾಣೆಯ ಪುಡಿಯಂತೆ ಕೊಂಡಿಗಳನ್ನು ಅರೆಯುತ್ತದೆ. ಸ್ಪ್ಲೆಂಡರ್, ಸೂಪರ್ ಸ್ಪ್ಲೆಂಡರ್, ಶೈನ್‌ನಂಥ ಸಾಧಾರಣ ಬೈಕುಗಳಲ್ಲಿ ಚೈನು ಪೂರ್ತಿ ಕವರಿನೊಳಗೆ ಇರುತ್ತದೆ. ರೈಡರ್, ರಾಯಲ್ ಎನ್‌ಫೀಲ್ಡ್‌ಗಳಲ್ಲಿ ಅದು ತೆರೆದಿರುತ್ತದೆ. ನೋಡಲು ಚೆಂದ, ಹೆದ್ದಾರಿಗೆ ತೊಂದರೆಯೂ ಇಲ್ಲ. ಆದರೆ ನಾಟಿ ಕಾಲದಲ್ಲಿ ಗದ್ದೆಯಿಂದ ಎದ್ದುಬಂದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಕೆಸರು ಚೆಲ್ಲಿರುವ ನಿಮ್ಮ ಕಡೆ, ತೆರೆದ ಚೈನಿಗೆ ವಾರಕ್ಕೊಮ್ಮೆ ತೊಳೆದು ಎಣ್ಣೆ ಹಾಕುವ ಶಿಸ್ತು ಬೇಕು. ಅದಿಲ್ಲದಿದ್ದರೆ ಚೈನ್ ಸ್ಪ್ರಾಕೆಟ್ ಸೆಟ್ಟು ಅವಧಿಗೆ ಬಹಳ ಮುಂಚೆಯೇ ಹೋಗುತ್ತದೆ, ಒಮ್ಮೊಮ್ಮೆ ಹೊಲದ ನಡುವೆಯೇ ಕಡಿಯುತ್ತದೆ. ತೆರೆದ ಚೈನಿನ ಬೈಕು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿಮ್ಮ ದಿನಚರಿಯಲ್ಲಿ ಆ ಶಿಸ್ತಿಗೆ ಸಮಯವಿದೆಯೇ ಎಂದು ನೀವೇ ಕೇಳಿಕೊಳ್ಳಬೇಕು.

ಬಿಸಿಲಿಗೆ ಎಂಜಿನ್ ಜಾಮ್ ಆಗುತ್ತದೆ ಎಂಬ ಮಾತು ಅರ್ಧ ಸತ್ಯ. ಓಡುವ ಎಂಜಿನ್‌ನ ಸಿಲಿಂಡರ್ ನೂರು ಡಿಗ್ರಿಗೂ ಹೆಚ್ಚು ಕಾದಿರುತ್ತದೆ. ಹೊರಗಿನ ಬಿಸಿ 35 ಡಿಗ್ರಿಯಿಂದ 42ಕ್ಕೆ ಏರಿದ್ದರಿಂದಲೇ ಪಿಸ್ಟನ್ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಳ್ಳುವುದು ಆಯಿಲ್ ಕಡಿಮೆಯಾದಾಗ. ಈ ಸಣ್ಣ ಎಂಜಿನ್‌ಗಳಲ್ಲಿ ಇರುವುದೇ ಸುಮಾರು 1 ಲೀಟರ್ ಆಯಿಲ್. ಅದರಲ್ಲಿ 200 ಮಿಲಿ ಸುಟ್ಟುಹೋದರೆ ಐದರಲ್ಲಿ ಒಂದು ಭಾಗ ಹೋದಂತೆ, ಮತ್ತು ಉಳಿದದ್ದು ಇನ್ನಷ್ಟು ಬೇಗ ಕಾಯುತ್ತದೆ. ಎರಡನೆಯ ಕಾರಣ, ಎಂಜಿನ್‌ನ ರೆಕ್ಕೆಗಳ ನಡುವೆ ಕೆಸರು ಒಣಗಿ ಗಟ್ಟಿಯಾಗುವುದು. ಗಾಳಿಯಿಂದ ತಣಿಯುವ ಎಂಜಿನ್‌ಗೆ ಆ ರೆಕ್ಕೆಗಳೇ ಉಸಿರಾಟದ ದಾರಿ. ಕಂಪನಿ ಸೂಚಿಸಿದ ದರ್ಜೆಯ ಆಯಿಲ್ ಹಾಕಿ, ವಾರಕ್ಕೊಮ್ಮೆ ಅದರ ಮಟ್ಟ ನೋಡಿ, ಎಂಜಿನ್ ತಣ್ಣಗಾದ ಮೇಲೆ ರೆಕ್ಕೆಗಳ ಮಣ್ಣು ತೊಳೆದರೆ ಮೇ ತಿಂಗಳಿಗೆ ನೀವು ಹೆದರಬೇಕಿಲ್ಲ. ಕಾರಿಗೆ ಹಾಕಿ ಉಳಿದ ಆಯಿಲ್ ಅನ್ನು ಮಾತ್ರ ಬೈಕಿಗೆ ಸುರಿಯಬೇಡಿ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ, ಕಾರಿನ ಆಯಿಲ್‌ನಲ್ಲಿರುವ ಜಾರುವ ಗುಣದ ರಾಸಾಯನಿಕಗಳು ಕ್ಲಚ್ ಜಾರುವಂತೆ ಮಾಡಬಲ್ಲವು.

ಇಂಜೆಕ್ಷನ್ ಬಗ್ಗೆ ಹೇಳುವುದಾದರೆ, 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್-6 ನಿಯಮ ಬಂದ ಮೇಲೆ ನೀವು ಹೆಸರಿಸಿದ ಯಾವ ಕಂಪನಿಗೆ ಹೋದರೂ ಅದು ತಪ್ಪುವುದಿಲ್ಲ; ಹಾಗಾಗಿ ಕಂಪನಿಗಳನ್ನು ಹೋಲಿಸಲು ಅದು ಅಳತೆಗೋಲಾಗಲಾರದು. ಹಳ್ಳಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಿಂದ ಕಾರ್ಬುರೇಟರ್ ಸರಿಪಡಿಸುತ್ತಿದ್ದಂತೆ ಇದನ್ನು ಸರಿಪಡಿಸಲು ಆಗುವುದಿಲ್ಲ ಎಂಬುದು ನಿಜ. ಆದರೆ ಇಂಜೆಕ್ಷನ್ ಕೆಟ್ಟಿದೆ ಎಂದು ಟ್ರಾಲಿಯಲ್ಲಿ ಹೇರಿಕೊಂಡು ಬರುವ ಬೈಕುಗಳಲ್ಲಿ ಹೆಚ್ಚಿನವುಗಳ ತೊಂದರೆ ಇರುವುದು ಬ್ಯಾಟರಿಯಲ್ಲಿ ಅಥವಾ ಕೊಳಕು ಪೆಟ್ರೋಲಿನಲ್ಲಿ. ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಪೆಟ್ರೋಲ್ ಪಂಪು ಕೆಲಸ ಮಾಡುವುದಿಲ್ಲ. ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದೂ ಸುತ್ತಲಿನ ಪೆಟ್ರೋಲಿನಿಂದಲೇ ಆದ್ದರಿಂದ ಯಾವಾಗಲೂ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಬಿಡಿ, ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲನ್ನು ಅನಿವಾರ್ಯವಾದರೆ ಮಾತ್ರ ಹಾಕಿಸಿ.

ಎಥೆನಾಲ್ ಬೆರೆತ ಪೆಟ್ರೋಲು ಹೊಸ ಗಾಡಿಯ ಎಂಜಿನ್ ಅನ್ನು ತಿನ್ನುವುದಿಲ್ಲ. 2023ರ ಏಪ್ರಿಲ್‌ನಿಂದ ಬರುತ್ತಿರುವ ಗಾಡಿಗಳ ರಬ್ಬರ್, ಪೈಪುಗಳು ಶೇ 20ರ ಮಿಶ್ರಣಕ್ಕೆ ತಕ್ಕವು. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇರುವುದರಿಂದ ಮೈಲೇಜ್ ತುಸು ಇಳಿಯುತ್ತದೆ. ಹಳೆಯ ಸ್ಪ್ಲೆಂಡರ್‌ನ ಕಥೆ ಬೇರೆ. ಅದನ್ನು ವಾರಗಟ್ಟಲೆ ನಿಲ್ಲಿಸಿದರೆ ಎಥೆನಾಲ್ ತೇವ ಹೀರಿ ಕಾರ್ಬುರೇಟರ್‌ನಲ್ಲಿ ಕಸ ಕಟ್ಟುವ ಸಾಧ್ಯತೆ ಇದೆ.

ಇನ್ನು ನಿಮ್ಮ ಬಳ್ಳಾರಿಯ ಗೆಳೆಯರ ಮಾತು. ರಾಯಲ್ ಎನ್‌ಫೀಲ್ಡ್‌ನ ಈಗಿನ 349 ಸಿಸಿ ಎಂಜಿನ್ ಹಳೆಯ ಬುಲೆಟ್‌ಗಳಿಗಿಂತ ಬಹಳ ನಯವಾಗಿದೆ; ನಿಮಿಷಕ್ಕೆ 4,000 ಸುತ್ತಿನಲ್ಲೇ 27 ನ್ಯೂಟನ್ ಮೀಟರ್ ಎಳೆತ ಕೊಡುವುದರಿಂದ ಇಬ್ಬರು ಕುಳಿತು ಹೆದ್ದಾರಿಯಲ್ಲಿ ದಿನವಿಡೀ ಸಾಗಲು ಅದು ಬಲು ಹಿತ. ಗಟ್ಟಿ ನೆಲದ ಮೇಲೆ ಭಾರ ಸ್ಥಿರತೆ ಕೊಡುತ್ತದೆ ಎಂಬುದೂ ಸರಿ. ಆದರೆ ಕೆಸರಿನಲ್ಲಿ ಅದೇ ಭಾರ ಟೈರನ್ನು ಒಳಕ್ಕೆ ಒತ್ತುತ್ತದೆ. ಅದೇ ಕಂಪನಿಯ ಕ್ಲಾಸಿಕ್ 350 ಸುಮಾರು 195 ಕೆ.ಜಿ. ತೂಗಿದರೆ ಸ್ಪ್ಲೆಂಡರ್ ಪ್ಲಸ್ 112 ಕೆ.ಜಿ. ಕಾಲುವೆ ದಂಡೆಯಲ್ಲಿ ಗಾಡಿ ಜಾರಿ ಮಲಗಿತೆಂದುಕೊಳ್ಳಿ. ಸುತ್ತ ಯಾರೂ ಇಲ್ಲ, ಹಿಂದೆ ಕ್ಯಾನು ಇದೆ. 112 ಕೆ.ಜಿ.ಯದನ್ನು ನೀವೊಬ್ಬರೇ ಎತ್ತಿ ನಿಲ್ಲಿಸಬಲ್ಲಿರಿ, ಇನ್ನೊಂದನ್ನು ಎತ್ತಲು ಯಾರಾದರೂ ಬರುವವರೆಗೆ ಕಾಯಬೇಕಾದೀತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದರೂ ಅದು ನಿಮ್ಮ ಹಣದ ಮಿತಿಯನ್ನು ಬಹಳ ಮೀರುತ್ತದೆ. ಸಾಲ ಮಾಡಿ ಈ ಕೆಲಸಕ್ಕೆ ಅದನ್ನು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ತಮ್ಮ ಹೇಳುವ ರೈಡರ್ ಕೆಟ್ಟ ಆಯ್ಕೆಯಲ್ಲ. 2021ರಲ್ಲಿ ಬಂದ ಈ 125 ಸಿಸಿ ಬೈಕಿನ ಎಂಜಿನ್ ಚುರುಕು, ನೆಲದಿಂದ ಎತ್ತರ 180 ಮಿ.ಮೀ. ಒಬ್ಬರೇ, ಹೊರೆಯಿಲ್ಲದೆ, ವೇಗವಾಗಿ ಗೇರು ಬದಲಿಸುತ್ತ ಓಡಿಸುವವರಿಗೆ ಅದು ಹೊಂದುತ್ತದೆ. ನಿಮ್ಮ ಓಡಿಸುವ ರೀತಿ ಅದಲ್ಲ. ನೀವು ಮೊದಲ, ಎರಡನೆಯ ಗೇರಿನಲ್ಲಿ, ಕ್ಲಚ್ ಅರ್ಧ ಹಿಡಿದು, ಹೊರೆ ಅಲುಗಾಡದಂತೆ ನಿಧಾನವಾಗಿ ಸಾಗುವವರು. ಆ ರೀತಿಗೆ ಮೆದು ಕ್ಲಚ್, ಒಂದೇ ಮಟ್ಟದ ಉದ್ದನೆಯ ಸೀಟು, ಹಿಂದೆ ಗಟ್ಟಿ ಕ್ಯಾರಿಯರ್ ಕೂರುವ ಜಾಗ ಬೇಕು. ಚುರುಕಿನ ಬೈಕುಗಳ ಎರಡು ಹಂತದ ಸೀಟಿನ ಹಿಂಭಾಗ ಎತ್ತರದಲ್ಲಿರುತ್ತದೆ; ಅದರ ಮೇಲೆ ಕ್ಯಾನು ಕಟ್ಟಿದರೆ ಭಾರ ಮೇಲಕ್ಕೂ ಹಿಂದಕ್ಕೂ ಸರಿದು ಮುಂದಿನ ಚಕ್ರ ಹಗುರಾಗುತ್ತದೆ.

ಕ್ಯಾನಿನ ಬಗ್ಗೆ ಎರಡು ಮಾತು ಸೇರಿಸಲೇಬೇಕು. ಮೈನಸ್ 196 ಡಿಗ್ರಿಯ ದ್ರವ ತುಂಬಿದ ಆ ಪಾತ್ರೆಯ ಒಳಭಾಗ ಕುತ್ತಿಗೆಯ ಆಧಾರದ ಮೇಲೆ ನಿಂತಿರುತ್ತದೆ. ಸತತ ಗುದ್ದಿಗೆ ಆ ಕುತ್ತಿಗೆ ಸಡಿಲಗೊಂಡು ನಿರ್ವಾತ ಹೋದರೆ ಸಾರಜನಕ ಬೇಗ ಆರಿಹೋಗುತ್ತದೆ, ವೀರ್ಯದ ಕಡ್ಡಿಗಳೂ ವ್ಯರ್ಥವಾಗುತ್ತವೆ. ಆದ್ದರಿಂದ ಹಿಂದಿನ ಶಾಕ್ ಅಬ್ಸಾರ್ಬರ್ ಮೆದುವಾಗಿರಬೇಕು, ಕ್ಯಾನಿನ ಅಡಿಗೂ ಸುತ್ತಲೂ ದಪ್ಪ ರಬ್ಬರ್ ಅಥವಾ ಫೋಮ್ ಇರುವ ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಆವಿ ಹೊರಹೋಗದಂತೆ ಮುಚ್ಚಳವನ್ನು ಬಿಗಿದು ಕಟ್ಟಬಾರದು. ಭಾನುವಾರ ಕುಟುಂಬದೊಂದಿಗೆ ಹೋಗುವಾಗ ಬಿಚ್ಚಿಡಲು ಬರುವಂತೆ ಆ ಚೌಕಟ್ಟಿಗೆ ಬೋಲ್ಟ್ ಹಾಕಿಸಿ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಒಲವು 125 ಸಿಸಿಯ ಸಾಧಾರಣ ಬೈಕಿನ ಕಡೆಗೆ, ಅದರಲ್ಲೂ ಹೀರೋ ಸೂಪರ್ ಸ್ಪ್ಲೆಂಡರ್ ಕಡೆಗೆ. ಸುಮಾರು 10.7 ಅಶ್ವಶಕ್ತಿಯ ಅದರ ಎಂಜಿನ್‌ಗೆ ಹೊರೆಯೊಡನೆ ಹೆದ್ದಾರಿಯಲ್ಲಿ ಸಾಗುವುದು 100 ಸಿಸಿಯದಕ್ಕಿಂತ ಸುಲಭ, ನೆಲದಿಂದ ಎತ್ತರ 180 ಮಿ.ಮೀ., ಚೈನು ಮುಚ್ಚಿದೆ, ನಿಮ್ಮ ಊರಿನ ಮೆಕ್ಯಾನಿಕ್‌ಗಳ ಕೈ ಹೀರೋ ಗಾಡಿಗಳಿಗೆ ಪಳಗಿದೆ. ಹೋಂಡಾ ಶೈನ್ 125ರ ಎಂಜಿನ್ ಇದಕ್ಕಿಂತ ನಯವೆಂದು ನನ್ನ ಅಭಿಪ್ರಾಯ. 2006ರಿಂದ ಅದು ಗಳಿಸಿದ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ನೆಲದಿಂದ ಎತ್ತರ 162 ಮಿ.ಮೀ. ಮಾತ್ರ, ಬಂಡಿ ದಾರಿಯ ನಡುದಿಬ್ಬ ಎಂಜಿನ್‌ನ ಅಡಿಗೆ ತಾಗಬಹುದು. ನಿಮ್ಮ ಓಡಾಟದಲ್ಲಿ ಹೆದ್ದಾರಿಯ ಪಾಲು ಹೆಚ್ಚಾಗುವುದಿದ್ದರೆ ಶೈನ್ ಕೊಂಡರೂ ತಪ್ಪಿಲ್ಲ. ಬಜಾಜ್ ಪ್ಲಾಟಿನಾ 110ರ ಹೆಸರನ್ನು ಯಾರೂ ನಿಮಗೆ ಹೇಳದಿರುವುದು ನನಗೆ ಆಶ್ಚರ್ಯ: 200 ಮಿ.ಮೀ. ಎತ್ತರ ಮತ್ತು ಮೆದು ಶಾಕ್ ಅಬ್ಸಾರ್ಬರ್‌ನಿಂದಾಗಿ ಕ್ಯಾನಿಗೆ ಅದು ಬಹಳ ಒಳ್ಳೆಯದು, ಕೊರತೆಯೆಂದರೆ ಮೂವರು ಕುಳಿತಾಗ ಎಂಜಿನ್ ಏದುಸಿರು ಬಿಡುತ್ತದೆ. ಕೆಟ್ಟ ದಾರಿಗೆಂದೇ ಮಾಡಿದ ಹೀರೋ ಎಕ್ಸ್‌ಪಲ್ಸ್ 200, 220 ಮಿ.ಮೀ. ಎತ್ತರ ಮತ್ತು 21 ಇಂಚಿನ ಮುಂದಿನ ಚಕ್ರದಿಂದ ಇವೆಲ್ಲವನ್ನೂ ಮೀರಿಸುತ್ತದೆ. ಆದರೆ ಬೆಲೆ ನಿಮ್ಮ ಮಿತಿಗಿಂತ ಮೇಲೆ, ಸೀಟು 825 ಮಿ.ಮೀ. ಎತ್ತರದಲ್ಲಿ, ಕಡ್ಡಿ ಚಕ್ರಕ್ಕೆ ಟ್ಯೂಬ್ ಇರುವುದರಿಂದ ಜಾಲಿ ಮುಳ್ಳು ಚುಚ್ಚಿದರೆ ಚಕ್ರ ಬಿಚ್ಚಲೇಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಾದರೆ ಮುಳ್ಳು ಕೀಳದೆ ಹತ್ತಿರದ ಊರಿನವರೆಗೆ ಬರಬಹುದು.

ಬ್ರೇಕಿನಲ್ಲಿ ಒಂದನ್ನು ತಿಳಿದಿರಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), 125 ಸಿಸಿ ಮತ್ತು ಅದರ ಕೆಳಗಿನವುಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಕಾಲಿನ ಬ್ರೇಕ್ ಒತ್ತಿದಾಗ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಡಾಂಬರಿನಲ್ಲಿ ಇದರಿಂದ ಬೇಗ ನಿಲ್ಲಬಹುದು, ಆದರೆ ಜಾರುವ ಕೆಸರಿನಲ್ಲಿ ಮುಂದಿನ ಚಕ್ರ ತಪ್ಪಿದರೆ ಬೀಳುವುದು ಖಚಿತ. ಅಲ್ಲಿ ಬ್ರೇಕಿಗಿಂತ ಗೇರು ಇಳಿಸಿ ಎಂಜಿನ್‌ನಿಂದಲೇ ವೇಗ ತಗ್ಗಿಸಿ. ಒಕ್ಕಣೆಯ ದಿನಗಳಲ್ಲಿ ರಸ್ತೆಗೆ ಹರಡಿದ ಜೋಳ, ಭತ್ತದ ಹುಲ್ಲಿನ ಮೇಲೂ ಇದೇ ಕ್ರಮ. ಹಾಗಿದ್ದೂ ಒಂದೇ ಮಾದರಿಯಲ್ಲಿ ಮುಂದೆ ಡಿಸ್ಕ್ ಇರುವುದು, ಡ್ರಮ್ ಇರುವುದು ಎರಡೂ ಸಿಕ್ಕರೆ ಡಿಸ್ಕ್ ತೆಗೆದುಕೊಳ್ಳಿ. ಡ್ರಮ್ಮಿನೊಳಗೆ ಕೆಸರು ನೀರು ಹೊಕ್ಕರೆ ಅದು ಆರುವವರೆಗೆ ಹಿಡಿತವೇ ಇರುವುದಿಲ್ಲ.

ಮುಂಗಡ ಕೊಡುವ ಮೊದಲು ಶೋರೂಮಿನ ಮುಂಬಾಗಿಲು ಬಿಟ್ಟು ಹಿಂದಿನ ಸರ್ವಿಸ್ ಶೆಡ್ಡಿಗೆ ಹೋಗಿ, ಬಂದ ಗಾಡಿ ಅದೇ ದಿನ ಹೊರಬೀಳುತ್ತದೆಯೇ, ಕ್ಲಚ್ ಪ್ಲೇಟು, ಚೈನ್ ಸೆಟ್ಟು ದಾಸ್ತಾನು ಇದೆಯೇ ಎಂದು ಅಲ್ಲಿ ನಿಂತಿರುವ ಗ್ರಾಹಕರನ್ನೇ ವಿಚಾರಿಸಿ. ಹೀರೋ ಮತ್ತು ಹೋಂಡಾಗಳ ನಡುವೆ ನಾನು ತೋರಿಸಿದ ಒಲವಿಗಿಂತ ಈ ವಿಚಾರಣೆಯ ಉತ್ತರಕ್ಕೆ ಹೆಚ್ಚು ಬೆಲೆ ಕೊಡಿ.

ಹಳೆಯ ಸ್ಪ್ಲೆಂಡರನ್ನು ಗುಜರಿಗೆ ಹಾಕುವ ಮೊದಲು ಹೊಗೆಯ ಬಣ್ಣ ನೋಡಿ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಸುಡುತ್ತಿದೆ. ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಸರಿಪಡಿಸಿದರೆ ಸಾಕು. ನೀಲಿಯಾಗಿದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಲ್ಲುವುದಾದರೆ ವಾಲ್ವ್ ಸೀಲು ಸವೆದಿರುವ ಸಾಧ್ಯತೆ ಹೆಚ್ಚು, ಅದು ಸಣ್ಣ ಖರ್ಚು. ಓಡುವಾಗಲೂ ನೀಲಿ ಹೊಗೆ ಬರುತ್ತಿದ್ದರೆ ರಿಂಗು ಮತ್ತು ಬೋರು ಸವೆದಿವೆ. ಅಸಲಿ ಸಿಲಿಂಡರ್ ಕಿಟ್ ಹಾಕಿಸಿದರೆ ಗಾಡಿ ಮತ್ತೆ ಕೆಲಸಕ್ಕೆ ಬರುತ್ತದೆ. ನಿಮ್ಮ ವೃತ್ತಿಯಲ್ಲಿ ಹೊಸ ಗಾಡಿ ಸರ್ವಿಸಿಗೆ ಹೋದ ದಿನವೂ ಬೆದೆಯ ಕರೆ ಬರುವುದರಿಂದ, ಕ್ರ್ಯಾಂಕಿನಿಂದ ಸದ್ದು ಬರದಿದ್ದರೆ ರಿಪೇರಿ ಮಾಡಿಸಿ ಉಳಿಸಿಕೊಳ್ಳಿ ಎನ್ನುತ್ತೇನೆ. ಕ್ರ್ಯಾಂಕ್ ಕೂಡ ಹೋಗಿದ್ದರೆ ಖರ್ಚು ಮಾಡಬೇಡಿ, ಮಾರಿಬಿಡಿ. ನೋಂದಣಿಗೆ 15 ವರ್ಷ ತುಂಬಿದ್ದರೆ ಆರ್‌ಟಿಒ ಕಚೇರಿಯಲ್ಲಿ ನವೀಕರಿಸಬೇಕಾಗುತ್ತದೆ, ಒಮ್ಮೆ ನವೀಕರಿಸಿದರೆ 5 ವರ್ಷ ನಡೆಯುತ್ತದೆ. ಕಾಗದ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ರಿಪೇರಿಗೆ ಹಣ ಹಾಕುವ ಮೊದಲೇ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ವಿಮೆಯನ್ನೂ ಅದೇ ಹೆಸರಿಗೆ ಬದಲಿಸಿಕೊಳ್ಳಿ.